ಶೆಡ್ಡಿನ ಮಕ್ಕಳಿಗೆ ಅಂಗನವಾಡಿ: ಅರ್ಜಿ ಹೇಗೆ, ಸಮಯ ಯಾವುದು, ಮೂರು ವರ್ಷದೊಳಗಿನವರಿಗೆ ಏನು?

ಕೆರೆದಂಡೆ

ವರ್ತೂರು, ಗುಂಜೂರು ಕಡೆ ಅಪಾರ್ಟ್‌ಮೆಂಟುಗಳ ಹಿಂದೆ ಗಾರೆ ಕೆಲಸದವರ ತಗಡಿನ ಶೆಡ್ಡುಗಳು ಸಾಲುಸಾಲಾಗಿವೆ. ಅಂಥದ್ದೊಂದು ಜಾಗದ ವಿಚಾರ ಇದು. ಆರು ವರ್ಷದೊಳಗಿನ ಮಕ್ಕಳು 40ಕ್ಕಿಂತ ಹೆಚ್ಚಿದ್ದಾರೆ. ಅರ್ಧ ಜನ ಯಾದಗಿರಿ, ರಾಯಚೂರು ಕಡೆಯವರು, ಉಳಿದವರು ಒಡಿಶಾ ಮತ್ತು ಬಂಗಾಳದವರು. ಹತ್ತಿರದ ಅಂಗನವಾಡಿ ಮುಖ್ಯರಸ್ತೆಯ ಆಚೆ, ಎರಡು ಕಿಲೋಮೀಟರ್ ದೂರ. ತಾಯಂದಿರು ಬೆಳಗ್ಗೆ ಏಳೂವರೆಗೆ ಹೋದರೆ ಬರುವುದು ಸಂಜೆ ಆರಕ್ಕೆ. ಲೇಔಟಿನ ಕೆಲವರು ಸೇರಿ ವಾರಕ್ಕೆ ಎರಡು ದಿನ ಎಬಿಸಿಡಿ ಹೇಳಿಕೊಡೋಣ ಎನ್ನುತ್ತಿದ್ದಾರೆ. ಅದಕ್ಕೆ ಮೊದಲು ತಿಳಿಯಬೇಕಾದ್ದು ಎರಡು. ಈ ಮಕ್ಕಳಿಗೆ ಕಾನೂನಿನ ಪ್ರಕಾರ ಸಲ್ಲಬೇಕಾದ್ದು ಏನು? ಇಂಥ ಮಕ್ಕಳ ವಿಚಾರದಲ್ಲಿ ಬೇರೆ ದೇಶಗಳಲ್ಲಿ ನಿಜಕ್ಕೂ ಫಲ ಕೊಟ್ಟದ್ದು ಯಾವುದು? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಅರ್ಜಿಪುಸ್ತಕ

ಎಬಿಸಿಡಿ ಆಮೇಲೆ ನೋಡೋಣ, ಮೊದಲು ಅರ್ಜಿ.

ಆಹಾರದ ಹಕ್ಕಿನ ಪ್ರಕರಣದಲ್ಲಿ (ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ 2001ರಲ್ಲಿ ಹೂಡಿದ್ದು) ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಕೊಟ್ಟ ಆದೇಶ ನಿಮ್ಮ ಕೈಯಲ್ಲಿರುವ ಗಟ್ಟಿ ಆಧಾರ. ಒಂದು ವಸತಿಯಲ್ಲಿ ಆರು ವರ್ಷದೊಳಗಿನ ಮಕ್ಕಳು ಕನಿಷ್ಠ 40 ಇದ್ದು ಅಂಗನವಾಡಿ ಇಲ್ಲದಿದ್ದರೆ, ಹಳ್ಳಿಯವರಾಗಲಿ ಕೊಳೆಗೇರಿಯವರಾಗಲಿ ಕೇಳಿದ ಮೂರು ತಿಂಗಳೊಳಗೆ ಅದನ್ನು ಕೊಡಬೇಕು. ‘ಬೇಡಿಕೆಯ ಮೇಲೆ ಅಂಗನವಾಡಿ’ ಅಂತ ಇದನ್ನು ಕರೆಯುತ್ತಾರೆ. ಇದರ ಮೇಲೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಇದೆ. ಆರು ತಿಂಗಳಿಂದ ಆರು ವರ್ಷದ ಮಗುವಿಗೆ ಪೂರಕ ಆಹಾರ ಅದರ 5ನೇ ಕಲಮಿನಂತೆ ಹಕ್ಕು.

ಎಣಿಕೆಯನ್ನು ಹಗಲಲ್ಲಿ ಮಾಡಬೇಡಿ. ಹಗಲು ಹೋದರೆ ಅರ್ಧ ಮಕ್ಕಳು ತಾಯಿಯ ಜೊತೆ ಸೈಟಿನಲ್ಲಿರುತ್ತಾರೆ. ರಾತ್ರಿ ಏಳೂವರೆಯಿಂದ ಎಂಟೂವರೆ, ಅಥವಾ ಭಾನುವಾರ. ಪ್ರತಿ ಮಗುವಿಗೂ ಒಂದು ಸಾಲು: ಹೆಸರು, ವಯಸ್ಸು ತಿಂಗಳಲ್ಲಿ, ತಾಯಿಯ ಹೆಸರು, ಊರು, ಇಲ್ಲಿಗೆ ಬಂದು ಎಷ್ಟು ಕಾಲವಾಯಿತು, ಒಂದು ಫೋನ್ ನಂಬರ್, ಸಹಿ ಅಥವಾ ಹೆಬ್ಬೆಟ್ಟು. ಗರ್ಭಿಣಿಯರು ಮತ್ತು ಬಾಣಂತಿಯರ ಪಟ್ಟಿ ಬೇರೆ ಮಾಡಿ, ಅವರೂ ಫಲಾನುಭವಿಗಳೇ. ಶೆಡ್ಡಿನಿಂದ ಈಗಿನ ಅಂಗನವಾಡಿಗೆ ಹೋಗುವ ದಾರಿಯನ್ನು ಕೈಯಲ್ಲೇ ಬರೆದು, ಎಲ್ಲಿ ದೊಡ್ಡ ರಸ್ತೆ ದಾಟಬೇಕು ಅಂತ ಗುರುತು ಹಾಕಿ. ಅರ್ಜಿ ನಿಮ್ಮ ಭಾಗದ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೆ, ಅದರ ನಕಲು ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ. ದಿನಾಂಕವಿರುವ ಸೀಲು ಹಾಕಿಸಿಕೊಂಡ ನಕಲು ಮುಖ್ಯ. ಮೂರು ತಿಂಗಳು ಲೆಕ್ಕ ಶುರುವಾಗುವುದೇ ಆ ಸೀಲಿನಿಂದ.

ಸಾಮಾನ್ಯವಾಗಿ ಬರುವ ಉತ್ತರ ‘ಇವರು ಖಾಯಂ ನಿವಾಸಿಗಳಲ್ಲ’. ಆದೇಶದಲ್ಲಿರುವುದು ವಸತಿ ಮತ್ತು ಮಕ್ಕಳ ಸಂಖ್ಯೆ, ಖಾಯಂ ವಿಳಾಸವಲ್ಲ. ಎರಡನೆಯದು ಆಧಾರ್. ಮಗುವಿಗೆ ಆಧಾರ್ ಇಲ್ಲದಿದ್ದರೂ ತಾಯಿಯ ಆಧಾರ್ ಮೇಲೆ ದಾಖಲಿಸಬಹುದು. ಮೂರನೆಯದು ನಿಜಕ್ಕೂ ಕಷ್ಟದ್ದು: ಜಾಗ. ಕಟ್ಟಡಕ್ಕೆ 600 ಚದರ ಅಡಿ, ಬೇರೆ ಅಡುಗೆಕೋಣೆ, ಮಕ್ಕಳ ಅಳತೆಯ ಶೌಚಾಲಯ ಅಂತ ಮಾನದಂಡವಿದೆ. ಬೆಂಗಳೂರಿನಲ್ಲಿ ಇಲಾಖೆಯ ಬಾಡಿಗೆಗೆ ಅಷ್ಟು ಜಾಗ ಹುಡುಕುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ಲೇಔಟಿನವರು ನೆರವಾಗಬೇಕಾದ್ದು ಇಲ್ಲಿ. ಸಂಘದ ಕ್ಲಬ್‌ಹೌಸಿನ ಒಂದು ಕೋಣೆಯೋ ನಾಗರಿಕ ಸೌಲಭ್ಯಕ್ಕೆ ಬಿಟ್ಟು ಖಾಲಿ ಬಿದ್ದ ಸಿಎ ಸೈಟೋ ತೋರಿಸಿ, ಒಪ್ಪಿಗೆಪತ್ರ ಅರ್ಜಿಯ ಜೊತೆಗೇ ಲಗತ್ತಿಸಿ. ಜಾಗ ಸಿಕ್ಕ ಅರ್ಜಿ ಮುಂದೆ ಹೋಗುತ್ತದೆ.

ತಕ್ಕಡಿ

ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ: ತೋಳಿನ ಸುತ್ತಳತೆ. ವಯಸ್ಸು ಸರಿಯಾಗಿ ಗೊತ್ತಿಲ್ಲದ ಮಕ್ಕಳಲ್ಲಿ ಇದು ದೊಡ್ಡ ಅನುಕೂಲ. ಆರು ತಿಂಗಳಿಂದ ಐದು ವರ್ಷದವರೆಗೆ ಒಂದೇ ಗೆರೆ. 11.5 ಸೆಂ.ಮೀ.ಗಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆ. 11.5ರಿಂದ 12.5ರೊಳಗೆ ಇದ್ದರೆ ಮಧ್ಯಮ.

ಎಡಗೈಯ ಮೊಣಕೈ ಮಡಿಸಿ, ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಗೆ ಅಳೆದು ನಡುಮಧ್ಯ ಪೆನ್ನಿನಲ್ಲಿ ಗುರುತು ಹಾಕಿ. ಆಮೇಲೆ ಕೈ ಇಳಿಬಿಡಿಸಿ ಆ ಗುರುತಿನ ಮೇಲೆ ಪಟ್ಟಿ ಸುತ್ತಿ. ಚರ್ಮ ಒತ್ತಿ ಸುಕ್ಕಾದರೆ ಬಿಗಿಯಾಯಿತು, ಅಳತೆ ಕಡಿಮೆ ಬರುತ್ತದೆ. ತೋಳಂಗಿಯ ಮೇಲೆ ಸುತ್ತಿದರೆ ಹೆಚ್ಚು ಬರುತ್ತದೆ. ಇದರ ಜೊತೆಗೆ ಎರಡೂ ಪಾದದ ಮೇಲೆ ಹೆಬ್ಬೆರಳಿಂದ 3 ಸೆಕೆಂಡು ಒತ್ತಿ ನೋಡಿ. ಎರಡರಲ್ಲೂ ಗುಳಿ ಉಳಿದರೆ ತೂಕ, ತೋಳು ಏನೇ ಹೇಳಲಿ ಅದು ತೀವ್ರವೇ. ಅವತ್ತೇ ಆಸ್ಪತ್ರೆಗೆ, ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಹೋಗಬೇಕು.

ಎತ್ತರದಲ್ಲಿ ಆಗುವ ತಪ್ಪು ಇನ್ನೂ ಅಪಾಯದ್ದು. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು. ವಯಸ್ಸು ಗೊತ್ತಿಲ್ಲದಿದ್ದರೆ 87 ಸೆಂ.ಮೀ.ಗಿಂತ ಚಿಕ್ಕ ಮಗುವನ್ನು ಮಲಗಿಸಿ. ಇಬ್ಬರು ಬೇಕು, ಒಬ್ಬರು ತಲೆ ಹಲಗೆಗೆ ತಾಗಿಸಿ ಹಿಡಿಯುವುದಕ್ಕೆ, ಇನ್ನೊಬ್ಬರು ಮೊಣಕಾಲು ಮೆಲ್ಲಗೆ ಒತ್ತಿ ಪಾದದ ಹಲಗೆ ತರುವುದಕ್ಕೆ. ಒಬ್ಬರೇ ಅಳೆದರೆ ಕಾಲು ಮಡಚಿಯೇ ಇರುತ್ತದೆ. ನಿಲ್ಲಿಸಿ ಅಳೆದ ಅಳತೆ ಮಲಗಿಸಿದ್ದಕ್ಕಿಂತ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ. ಅಳತೆ ಗಿಡ್ಡವಾದಷ್ಟೂ ಅದೇ ತೂಕ ‘ಎತ್ತರಕ್ಕೆ ಸರಿಯಾಗಿದೆ’ ಅಂತ ಕಾಣುತ್ತದೆ. ಹಾಗೆ ಸೊರಗಿದ ಮಗು ಪಟ್ಟಿಯಿಂದ ಜಾರಿಹೋಗುತ್ತದೆ.

‘ನಮ್ಮ ಕೂಲಿಯವರ ಮಕ್ಕಳು ಹುಟ್ಟಾ ಗಿಡ್ಡ’ ಅನ್ನುವ ಮಾತು ಕಚೇರಿಗಳಲ್ಲೂ ಕೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ಮಾನದಂಡಕ್ಕೆ ಮಕ್ಕಳನ್ನು ಅಳೆದದ್ದು ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ನಮ್ಮ ದೆಹಲಿಯಲ್ಲಿ. ಎದೆಹಾಲು, ಊಟ, ಆರೋಗ್ಯ ಸರಿಯಿದ್ದಾಗ ಆರೂ ಕಡೆ ಮಕ್ಕಳು ಹೆಚ್ಚುಕಡಿಮೆ ಒಂದೇ ಸಮ ಬೆಳೆದರು. ಗಿಡ್ಡತನ ಜಾತಿಯಿಂದ, ಊರಿನಿಂದ ಬಂದದ್ದಲ್ಲ.

ಗೇಟ್ ನಂಬರ್ ಎರಡು

ಅರ್ಜಿ ಹಾಕಿ, ಅಂಗನವಾಡಿ ಬರಲಿ. ಆದರೂ ಈ ಮಕ್ಕಳು ಬರುವುದಿಲ್ಲ. ಯಾಕೆ ಅಂದರೆ ಅಂಗನವಾಡಿಯ ಹೊತ್ತು ಒಂಬತ್ತೂವರೆಯಿಂದ ನಾಲ್ಕು. ತಾಯಿ ಹೊರಡುವುದು ಏಳೂವರೆಗೆ. ನಡುವಿನ ಎರಡು ಗಂಟೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಯಾರು ಬಿಟ್ಟುಬರುತ್ತಾರೆ? ಎಂಟು ಒಂಬತ್ತು ವರ್ಷದ ಅಕ್ಕ. ಅಂದರೆ ಚಿಕ್ಕವನ ಅಂಗನವಾಡಿಗೆ ಬೆಲೆ ತೆರುವುದು ಅಕ್ಕನ ಶಾಲೆ. ಇದು ಗಾರೆ ಕೆಲಸದಲ್ಲಷ್ಟೇ ಅಲ್ಲ. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್, ಬೆಳಗ್ಗೆ ಆರೂವರೆಗೇ ಬೇರೆಯವರ ಮನೆಯಲ್ಲಿ ಪಾತ್ರೆ ತೊಳೆಯಲು ಶುರುಮಾಡುವ ಹೆಂಗಸರು, ಪೌರಕಾರ್ಮಿಕರು, ಎಲ್ಲರದೂ ಇದೇ ಕಥೆ. ಬೆಂಗಳೂರಿನಲ್ಲಿ ಅಸಮಾನತೆ ಎಲ್ಲಿದೆ ಅಂದರೆ ಗೋಡೆ ಗಡಿಯಾರದಲ್ಲಿದೆ.

ಆದ್ದರಿಂದ ಅರ್ಜಿಯಲ್ಲಿ ಬರೇ ‘ಅಂಗನವಾಡಿ’ ಅಂತ ಬರೆಯಬೇಡಿ. ‘ಪಾಲನಾ ಯೋಜನೆಯಡಿ ಅಂಗನವಾಡಿ ಮತ್ತು ಶಿಶುಪಾಲನಾ ಕೇಂದ್ರ’ ಅಂತ ಬರೆಯಿರಿ. ಪಾಲನಾ ಅಂದರೆ ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಯೋಜನೆ.

ಕೆರೆದಂಡೆ

ಪಾಲನಾದಲ್ಲಿ ಎಷ್ಟು ಹೊತ್ತು ಸಿಗುತ್ತದೆ?

ಗೇಟ್ ನಂಬರ್ ಎರಡು

ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ, ಆರು ತಿಂಗಳಿಂದ ಆರು ವರ್ಷದ 25 ಮಕ್ಕಳು, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ನಿಮಗೆ ಬೇಕಾದ್ದು ಹತ್ತೂವರೆ ಗಂಟೆ. ಮೂರು ಗಂಟೆಯ ಕೊರತೆ ಇದ್ದೇ ಇರುತ್ತದೆ.

ಆ ಮೂರು ಗಂಟೆ ಗುತ್ತಿಗೆದಾರರಿಂದ ಬರಬೇಕು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಮಿನಲ್ಲಿ 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಡೆ ಶಿಶುಪಾಲನಾ ಕೋಣೆ ಕಡ್ಡಾಯ ಅಂತಿತ್ತು. ಹೆಂಗಸರನ್ನು ನಾಲ್ಕು ಮೇಸ್ತ್ರಿಗಳ ಕೆಳಗೆ ಹಂಚಿ ತೋರಿಸಿದರೆ ಯಾರ ಲೆಕ್ಕದಲ್ಲೂ 50 ಆಗುತ್ತಿರಲಿಲ್ಲ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಲೆಕ್ಕ 50ಕ್ಕಿಂತ ಹೆಚ್ಚು ‘ಕಾರ್ಮಿಕರು’ ಅಂತ ಬದಲಾಗಿದೆ, ಗಂಡಸರೂ ಸೇರಿ. ನಿಯಮ ಮಾಡುವುದು ಸರ್ಕಾರದ ಕೈಯಲ್ಲಿದೆ, ಆದರೂ ಬಿಲ್ಡರ್ ಜೊತೆ ಮಾತಿಗೆ ಕೂತಾಗ ಈ ಬದಲಾವಣೆ ಹೇಳಿ.

ಪಾಳಿ ಹೀಗಿಟ್ಟರೆ ನಡೆಯುತ್ತದೆ: ಒಬ್ಬರು 7:15ರಿಂದ 1:00, ಇನ್ನೊಬ್ಬರು 12:30ರಿಂದ 6:15. ನಡುವಿನ ಅರ್ಧ ಗಂಟೆ ಇಬ್ಬರೂ ಇರಬೇಕು. ಊಟ, ಕೈತೊಳೆಯುವುದು, ಮಲಗಿಸುವುದು ಒಟ್ಟಿಗೇ ಬರುವ ಹೊತ್ತು ಅದು. ಅವಘಡ ಹೆಚ್ಚು ಆಗುವುದೂ ಆಗಲೇ. ಸಹಾಯಕಿ ಇಡೀ ದಿನ ಇದ್ದರೆ ಅವರಿಗೂ ನಡುವೆ ಬಿಡುವು ಬೇಕು.

ಕೋಣೆ ಹುಡುಕುವಾಗ ಮೊದಲು ನೋಡಬೇಕಾದ್ದು ನೀರು. ತೆರೆದ ಸಂಪು, ಕ್ಯೂರಿಂಗಿಗೆ ನೀರು ನಿಲ್ಲಿಸಿದ ತೊಟ್ಟಿ, ಅರ್ಧ ತುಂಬಿದ ಡ್ರಮ್ಮು. ನಡೆಯಲು ಕಲಿತ ಮಗುವಿಗೆ ಒಂದು ಗೇಣು ನೀರು ಸಾಕು. ಸಂಪಿಗೆ ಬೀಗವಿರುವ ಮುಚ್ಚಳ, ಬಾಗಿಲಿಗೆ ಮಕ್ಕಳ ಕೈಗೆ ಎಟುಕದ ಚಿಲಕ. ಇವೆರಡೂ ಆಗುವ ತನಕ ಕೇಂದ್ರ ತೆರೆಯಬೇಡಿ.

ಬಯಲುಸೀಮೆ

ಕೂಸಿನ ಮನೆ ಯೋಜನೆ ಇದೆಯಲ್ಲ? ಅದು ಆಗುವುದಿಲ್ಲವೇ?

ಅರ್ಜಿಪುಸ್ತಕ

2023ರ ಬಜೆಟ್ಟಿನಲ್ಲಿ ಬಂದದ್ದು 4,000 ಗ್ರಾಮ ಪಂಚಾಯಿತಿಗಳಿಗೆ, ಉದ್ಯೋಗ ಖಾತ್ರಿ ಕೆಲಸದ ತಾಯಂದಿರನ್ನು ಮುಂದಿಟ್ಟುಕೊಂಡು. ನಗರದೊಳಗಿನ ಸೈಟಿಗೆ ಅನ್ವಯಿಸುವುದಿಲ್ಲ. ಹಳ್ಳಿಯಲ್ಲಿ ತಾಯಿ ಮಣ್ಣು ಹೊತ್ತರೆ ಮಗುವಿಗೆ ಮನೆ ಇದೆ. ಅದೇ ತಾಯಿ ಬೆಂಗಳೂರಿಗೆ ಬಂದು ಇಟ್ಟಿಗೆ ಹೊತ್ತರೆ ಇಲ್ಲ. ಈ ಮಾತನ್ನು ಶಾಸಕರಿಗೆ ಕೊಡುವ ಮನವಿಯಲ್ಲಿ ಹೀಗೇ ಬರೆಯಬಹುದು.

ಗಿಲಕಿ

ಎಲ್ಲರೂ ಮೂರರ ಮೇಲಿನವರ ಬಗ್ಗೆಯೇ ಯೋಚಿಸುತ್ತಿದ್ದೀರಿ ಅನ್ನಿಸುತ್ತಿದೆ. ಕೆರೆದಂಡೆ ಅವರ ಎರಡನೇ ಪ್ರಶ್ನೆಗೆ ಉತ್ತರ ಮೂರರ ಕೆಳಗಿದೆ.

ಜಮೈಕಾದ ಕಿಂಗ್‌ಸ್ಟನ್ನಿನ ಬಡ ಕೇರಿಗಳಲ್ಲಿ 1986-87ರಲ್ಲಿ ಶುರುವಾದ ಪ್ರಯೋಗ. 9ರಿಂದ 24 ತಿಂಗಳ, ವಯಸ್ಸಿಗಿಂತ ಗಿಡ್ಡವಾದ 129 ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಕೆಲವರಿಗೆ ವಾರಕ್ಕೆ 1 ಕಿಲೋ ಹಾಲಿನ ಪುಡಿ. ಕೆಲವರ ಮನೆಗೆ ವಾರಕ್ಕೊಮ್ಮೆ ಒಂದು ಗಂಟೆ ಆರೋಗ್ಯ ಕಾರ್ಯಕರ್ತೆ ಹೋಗಿ ಆಟ, ಮಾತು. ಕೆಲವರಿಗೆ ಎರಡೂ. ಇನ್ನು ಕೆಲವರಿಗೆ ಯಾವುದೂ ಇಲ್ಲ. ಇದು ನಡೆದದ್ದು ಎರಡು ವರ್ಷ. ಆ ಮಕ್ಕಳಿಗೆ 22 ವರ್ಷವಾದಾಗ ನೋಡಿದರೆ, ಆಟ-ಮಾತಿನ ಭೇಟಿ ಸಿಕ್ಕವರ ಸಂಪಾದನೆ ಸಿಗದವರಿಗಿಂತ 25% ಹೆಚ್ಚಿತ್ತು. ಬರೇ ಹಾಲಿನ ಪುಡಿಯ ಗುಂಪಿನಲ್ಲಿ ಅಂಥ ದೀರ್ಘಕಾಲದ ಫಲ ಕಾಣಲಿಲ್ಲ. ಆ ಕಾರ್ಯಕರ್ತೆಯರು ದೊಡ್ಡ ಓದು ಓದಿದವರಲ್ಲ, ನಮ್ಮ ಆಶಾ, ಅಂಗನವಾಡಿ ಟೀಚರುಗಳ ಹಾಗಿನವರು. ನಮಗೆ ಮುಖ್ಯವಾದ ಮಾತು ಅದು.

ಭೇಟಿಯಲ್ಲಿ ಮಾಡುವುದು ಇಷ್ಟು. ಕೂತು ತಾಯಿಯನ್ನು ಮಾತಾಡಿಸಿ ಕಳೆದ ವಾರದ ಆಟ ಏನಾಯಿತು ಕೇಳುವುದು. ಹೊಸ ಆಟಿಕೆ ತೆಗೆದು ಒಂದು ಸಲ ಮಾಡಿ ತೋರಿಸುವುದು. ತಕ್ಷಣ ಆಟಿಕೆಯನ್ನು ತಾಯಿಯ ಕೈಗೆ ಕೊಟ್ಟು ಹಿಂದೆ ಸರಿಯುವುದು. ತಾಯಿ ಮಾಡಿದ್ದರಲ್ಲಿ ಚೆನ್ನಾಗಿದ್ದದ್ದನ್ನು ಬಾಯಿಬಿಟ್ಟು ಹೇಳುವುದು. ಆಟಿಕೆ ಅಲ್ಲೇ ಬಿಟ್ಟು, ಮುಂದಿನ ವಾರ ಬೇರೆಯದಕ್ಕೆ ಬದಲಾಯಿಸುವುದು. ಕೆಡುವುದು ಮೂರನೇ ಹಂತದಲ್ಲಿ. ಬಂದವರು ತಾವೇ ಮಗುವಿನ ಜೊತೆ ಚೆನ್ನಾಗಿ ಆಡುತ್ತಾರೆ, ತಾಯಿ ಟೀ ತರಲು ಏಳುತ್ತಾಳೆ. ಅವತ್ತಿನ ಭೇಟಿ ವ್ಯರ್ಥ. ವಾರದ ಉಳಿದ 167 ಗಂಟೆ ಮಗುವಿನ ಜೊತೆ ಇರುವವಳು ಅವಳು.

ಇನ್ನೊಂದು ಕೆಡುವುದು ಅಂತರದಲ್ಲಿ. ಅದೇ ಜಮೈಕಾದಲ್ಲಿ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಅಂತ ಹೋಲಿಸಿ ನೋಡಿದ್ದಾರೆ. ಭೇಟಿ ಹೆಚ್ಚಿದಷ್ಟೂ ಫಲ, ತಿಂಗಳಿಗೊಮ್ಮೆ ಹೋದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಒಬ್ಬರಿಗೆ 60 ಮನೆ ಹಂಚಿದರೆ ಕಾಗದದಲ್ಲಷ್ಟೇ ಭೇಟಿ ನಡೆಯುತ್ತದೆ.

ಆಟಿಕೆಗೆ ದುಡ್ಡು ಬೇಕಿಲ್ಲ. 200 ಮಿಲಿ ನೀರಿನ ಬಾಟಲಿಗೆ ಬಣ್ಣದ ಗುಂಡಿ ಹಾಕಿ ಮುಚ್ಚಳಕ್ಕೆ ಅಂಟು ಬಳಿದು ಮೇಲೆ ಟೇಪು ಸುತ್ತಿದರೆ ಗಿಲಕಿ. ಅಂಟಿಲ್ಲದೆ ಕೊಡಬೇಡಿ, ಗುಂಡಿ ಗಂಟಲಿಗೆ ಸಿಕ್ಕುತ್ತದೆ. ಹಾಲಿನ ಟೆಟ್ರಾ ಡಬ್ಬಿ ತೊಳೆದು, ಕಾಗದ ತುರುಕಿ, ಬಟ್ಟೆ ಹೊಲಿದರೆ ಜೋಡಿಸುವ ದಿಮ್ಮಿ. ಬೇರೆ ಬೇರೆ ಅಳತೆಯ ಸ್ಟೀಲ್ ಲೋಟ ಒಂದರೊಳಗೊಂದು ಇಡುವುದು ಎಲ್ಲ ಮನೆಯಲ್ಲೂ ಆಗುತ್ತದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ‘ನವಚೇತನ’ ಚೌಕಟ್ಟಿನಲ್ಲಿ (2024) ಹುಟ್ಟಿನಿಂದ ಮೂರರವರೆಗಿನ ಮಕ್ಕಳಿಗೆ ತಿಂಗಳುವಾರು 140 ಚಟುವಟಿಕೆಗಳಿವೆ. ಟೀಚರನ್ನು ಕೇಳಿ, ಅದನ್ನೇ ಬಳಸಿ.

ಗೇಟ್ ನಂಬರ್ ಎರಡು

ಗಿಲಕಿ ಅವರೇ, ಒಪ್ಪುತ್ತೇನೆ. ಆದರೆ ಜಮೈಕಾದಲ್ಲಿ ಭೇಟಿಗೆ ಹೋದಾಗ ತಾಯಿ ಮನೆಯಲ್ಲಿದ್ದಳು. ಇಲ್ಲಿ ಶೆಡ್ಡಿನ ಬಾಗಿಲು ಹಗಲು ಹೊತ್ತು ಹೊರಗಿನಿಂದ ಚಿಲಕ ಹಾಕಿರುತ್ತದೆ.

ಗಿಲಕಿ

ನಿಜ. ಅದಕ್ಕೇ ಹಗಲಿನ ಆಟ ಶಿಶುಪಾಲನಾ ಕೇಂದ್ರದಲ್ಲಿ, ತಾಯಿಯ ಭೇಟಿ ಭಾನುವಾರ ಆಗಬೇಕು. ಸಂಜೆ ಮಗುವನ್ನು ಕರೆದೊಯ್ಯುವಾಗ ಆಟಿಕೆಯೊಂದನ್ನು ಕೈಗಿಟ್ಟು ಎರಡು ನಿಮಿಷ ತೋರಿಸಿದರೂ ಬರೀ ಕೈಯಲ್ಲಿ ಕಳಿಸುವುದಕ್ಕಿಂತ ಎಷ್ಟೋ ಮೇಲು. ಊರಿಂದ ಬಂದ ಅಜ್ಜಿಯರಿದ್ದರೆ ಅವರಿಗೇ ಕಲಿಸಿ.

ಕೇಂದ್ರದಲ್ಲಿ ಒಬ್ಬರಿಗೆ ಎಷ್ಟು ಮಕ್ಕಳು ಅನ್ನುವುದು ಇಲ್ಲಿ ನಿರ್ಣಾಯಕ. ನಮ್ಮ ದೇಶದ 2013ರ ಇಸಿಸಿಇ (ಚಿಕ್ಕ ಮಕ್ಕಳ ಆರೈಕೆ ಮತ್ತು ಶಿಕ್ಷಣ) ನೀತಿಯಲ್ಲಿ ಮೂರರೊಳಗೆ ಒಬ್ಬರಿಗೆ 10, ಮೂರರಿಂದ ಆರಕ್ಕೆ 20. ನಾರ್ವೆಯಲ್ಲಿ 2018ರಿಂದ ಒಬ್ಬರಿಗೆ 3 ಮತ್ತು 6, ಅಲ್ಲಿ 2009ರಿಂದ ಒಂದು ವರ್ಷವಾದ ಮಗುವಿಗೆ ಜಾಗ ಕಾನೂನಿನ ಹಕ್ಕು. ಆ ದೇಶದ ದುಡ್ಡು ನಮ್ಮಲ್ಲಿಲ್ಲ. ಆದರೆ ಹತ್ತು ಕೂಸುಗಳನ್ನು ಒಬ್ಬರ ಕೈಗೆ ಕೊಟ್ಟರೆ ಡಯಾಪರು, ಗಂಜಿ, ಅಳು ಇಷ್ಟರಲ್ಲೇ ದಿನ ಮುಗಿಯುತ್ತದೆ, ಮಾತಿಗೆ ಹೊತ್ತೇ ಇರುವುದಿಲ್ಲ. ಲೇಔಟಿನ ಸ್ವಯಂಸೇವಕರು ವಾರಕ್ಕೆರಡು ದಿನ ಎಬಿಸಿಡಿ ಹೇಳಿಕೊಡುವುದಕ್ಕಿಂತ, ಊಟದ ಹೊತ್ತಿಗೆ ಬಂದು ತಲಾ ಇಬ್ಬರು ಮಕ್ಕಳಿಗೆ ಮಾತಾಡಿಸುತ್ತಾ ಉಣಿಸಲಿ. ಅದು ಇಡೀ ವಾರದ ಅತಿ ದೊಡ್ಡ ಪಾಠ.

ರಾಗಿಕಣ

ಊಟ ಅಂದಿರಲ್ಲ, ಅದರ ಲೆಕ್ಕ ಕೊಡುತ್ತೇನೆ. 2013ರ ಕಾಯ್ದೆಯಲ್ಲಿ ಅಂಗನವಾಡಿಗೆ ಮೊದಲು ಇಟ್ಟಿದ್ದ ಮಾನದಂಡ: ಮಗುವಿಗೆ ದಿನಕ್ಕೆ 500 ಕಿಲೋಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್. ತೀವ್ರ ಅಪೌಷ್ಟಿಕತೆ ಇದ್ದರೆ 800 ಮತ್ತು 20ರಿಂದ 25. ವರ್ಷಕ್ಕೆ 300 ದಿನ.

ಶಿಶುಪಾಲನಾ ಕೇಂದ್ರದಲ್ಲಿ ಒಂದು ಮಗುವಿಗೆ ರಾಗಿ ಹಿಟ್ಟು 40 ಗ್ರಾಂ, ಹುರಿದ ಹೆಸರುಬೇಳೆ ಪುಡಿ 15, ಕಡಲೆಕಾಯಿ ಪುಡಿ 10, ಬೆಲ್ಲ 15, ಎಣ್ಣೆ 5. ಇದರ ಜೊತೆ ಒಂದು ಮೊಟ್ಟೆ, ಒಂದು ಬಾಳೆಹಣ್ಣು. ಒಟ್ಟು ಸುಮಾರು 480 ಕಿಲೋಕ್ಯಾಲರಿ, ಪ್ರೋಟೀನ್ 15 ಗ್ರಾಂ ಆಸುಪಾಸು. 25 ಮಕ್ಕಳಿಗೆ ದಿನಕ್ಕೆ ರಾಗಿ 1 ಕಿಲೋ, ಹೆಸರುಬೇಳೆ 375 ಗ್ರಾಂ, ಕಡಲೆಕಾಯಿ 250, ಬೆಲ್ಲ 375, ಎಣ್ಣೆ 125. ಕಡಲೆಕಾಯಿ ನುಣ್ಣಗೆ ಪುಡಿಯಾಗಿರಬೇಕು, ಚೂರು ಉಳಿದರೆ ಚಿಕ್ಕವರಿಗೆ ಅಪಾಯ.

ಆದರೆ ಕೂಸಿನ ಹೊಟ್ಟೆ ಚಿಕ್ಕದು. ಕಿಲೋ ತೂಕಕ್ಕೆ 30 ಮಿಲಿ ಅಂತಿಟ್ಟುಕೊಂಡರೆ, 8 ಕಿಲೋ ಮಗು ಒಂದು ಸಲಕ್ಕೆ ಸುಮಾರು 240 ಮಿಲಿ ಮಾತ್ರ ಕುಡಿದೀತು. ಗಂಜಿ ನೀರಾಗಿದ್ದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಗಟ್ಟಿಯಾಗಿದ್ದರೆ ನುಂಗುವುದಿಲ್ಲ. ಇದಕ್ಕೆ ನಮ್ಮ ಅಜ್ಜಿಯರ ಉಪಾಯ ಮೊಳಕೆ ರಾಗಿ. ರಾಗಿ 12 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಮೊಳಕೆ ಬರಿಸಿ, ನೆರಳಲ್ಲಿ ಚೆನ್ನಾಗಿ ಒಣಗಿಸಿ ಬೀಸಿ. ಗಟ್ಟಿ ರಾಗಿ ಸರಿ ಮಾಡಿ ಒಲೆಯಿಂದ ಇಳಿಸಿ, ತುಸು ಆರಿದ ಮೇಲೆ ಬಟ್ಟಲಿಗೆ ಒಂದು ಚಮಚ ಮೊಳಕೆ ಹಿಟ್ಟು ಕಲಸಿ ಐದು ನಿಮಿಷ ಬಿಡಿ. ಸಡಿಲವಾಗುತ್ತದೆ. ಆಮೇಲೆ ಮತ್ತೊಮ್ಮೆ ಒಂದು ಕುದಿ ಬರಿಸಿ, ಕಲಸಿದ್ದು ಹಸಿ ಹಿಟ್ಟಲ್ಲವೇ. ಹಿಟ್ಟನ್ನು ಘಮ್ಮೆನ್ನುವಂತೆ ಹುರಿದಿಟ್ಟರೆ ಇದು ಆಗುವುದಿಲ್ಲ. ಪಿಷ್ಟವನ್ನು ಒಡೆಯುವ ಕಿಣ್ವ ಜಾಸ್ತಿ ಬಿಸಿಗೆ ಸಾಯುತ್ತದೆ.

ಭೀಮಾತೀರ

ಒಂದೆರಡು ಮಾತು ನಾನೂ ಹೇಳ್ತೀನ್ರಿ. ಯಾದಗಿರಿ, ಸುರಪುರ, ದೇವದುರ್ಗದ ಕಡಿಂದ ದುಡಿಲಾಕ ಬರೋ ಮಂದಿ ಉಗಾದಿಗಿ, ಊರ ಜಾತ್ರಿಗಿ ತಿರುಗಿ ಹೋಗ್ತಾರ. ಆವಾಗ ಎಣಿಸಿದ್ರ ನಿಮಗ 40 ಸಿಗೂದಿಲ್ಲ. ದೀಪಾವಳಿ ಆದ ಮ್ಯಾಲ ಎಣಿಸ್ರಿ.

ಹುಟ್ಟಿದ ತಾರೀಖು ಕೇಳಿದ್ರ ‘ಎರಡು ವರ್ಸ ಆಗ್ಯಾವ’ ಅಂತಾರ. ಹಂಗ ಬರಕೋಬ್ಯಾಡ್ರಿ. ಹಬ್ಬ ಹಿಡಕೊಂಡು ಕೇಳ್ರಿ: ಕಾರಹುಣ್ಣಿವಿ ಮುಂದನೋ ಹಿಂದನೋ, ನಾಗರಪಂಚಮಿಗಿ ಹೊಟ್ಟಿಯೊಳಗಿತ್ತೋ ತೊಟ್ಟಲದಾಗಿತ್ತೋ, ಎಳ್ಳ ಅಮಾಸಿಗಿ ಕುಂಡ್ರತಿತ್ತೋ ಇಲ್ಲೋ. ಒಡಿಶಾದವರಿಗಿ ರಜ ಹಬ್ಬ, ನುವಾಖಾಯಿ. ಬಂಗಾಳದವರಿಗಿ ದುರ್ಗಾ ಪೂಜಾ, ಈದ್. ಒಂದು ತಿಂಗಳ ಹೆಚ್ಚುಕಮ್ಮಿ ಸಿಕ್ಕ ಸಿಗತದ.

ತಾಯಿ ಕಾರ್ಡ್ ಊರಾಗ ಟ್ರಂಕಿನ್ಯಾಗ ಇರ್ತದ. ಊರಿಗಿ ಫೋನ್ ಹಚ್ಚಿ ಎರಡೂ ಕಡಿ ಫೋಟೋ ತೆಗೆಸಿ ತರಸ್ರಿ. ಕಾರ್ಡ್ ಇಲ್ಲಂತ ಸೂಜಿ ನಿಲ್ಲಿಸಬ್ಯಾಡ್ರಿ, ಸರ್ಕಾರದ ‘ನಮ್ಮ ಕ್ಲಿನಿಕ್’ಗಿ ಕರಕೊಂಡು ಹೋಗ್ರಿ, ಹೊಸಾ ಕಾರ್ಡ್ ಮಾಡಿ ವಯಸ್ಸಿಗಿ ತಕ್ಕಂಗ ಹಾಕ್ತಾರ. ದಡಾರ-ರುಬೆಲ್ಲಾ ಸೂಜಿ 9 ತಿಂಗಳಿಗಿ ಒಂದು, 16ರಿಂದ 24 ತಿಂಗಳದಾಗ ಇನ್ನೊಂದು. ತಿರುಗಾಡೋ ಮಂದಿಯೊಳಗ ಬಿಟ್ಟು ಹೋಗೂದು ಈ ಎರಡನೇದು.

ಮತ್ತ ಭಾಷಾ. ಬೆಂಗಳೂರು ಟೀಚರ್ ‘ಊಟ ಮಾಡ್ತೀಯಾ’ ಅಂದ್ರ ನಮ್ಮ ಕಡಿ ಕೂಸಿಗಿ ತಿಳಿತದ. ಒಡಿಯಾ ಕೂಸಿಗಿ ಅದೂ ತಿಳಿಯೂದಿಲ್ಲ. ಸುಮ್ಮ ಕುಂತ ಕೂಸು ದಡ್ಡ ಅಂತ ಬರದು ಬಿಡ್ತಾರ, ಅದು ಬಾಳ ಅನ್ಯಾಯರಿ.

ತೊದಲು

ಭೀಮಾತೀರ ಅವರು ಹೇಳಿದ ಕೊನೆಯ ಮಾತನ್ನು ಎಲ್ಲರೂ ಗಮನಿಸಿ. ಹೊಸ ಭಾಷೆಯ ಮಧ್ಯೆ ಬಿದ್ದ ಮಗು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾತಾಡದೆ ಕೇಳಿಸಿಕೊಳ್ಳುವುದು ಸಹಜ. ಮನೆಯಲ್ಲಿ ತನ್ನ ಭಾಷೆಯಲ್ಲಿ ಚೆನ್ನಾಗಿ ಮಾತಾಡುತ್ತದೆಯೇ ಅಂತ ತಾಯಿಯನ್ನು ಕೇಳಿ. ಆಡುತ್ತದೆ ಅಂದರೆ ಚಿಂತೆಯಿಲ್ಲ. ಅಲ್ಲೂ ಇಲ್ಲ ಅಂದರೆ ಮೊದಲು ಕಿವಿ ಪರೀಕ್ಷೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕಾದ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡಕ್ಕೆ ತೋರಿಸಿ. ಶೆಡ್ಡಿನ ಹೆಸರು ಅವರ ಪಟ್ಟಿಯಲ್ಲಿ ಇರುವುದಿಲ್ಲ, ಸೇರಿಸಿಸಬೇಕು.

ಟೀಚರಿಗೆ ಒಡಿಯಾ ಪೂರ್ತಿ ಬರಬೇಕಿಲ್ಲ. ಮೂವತ್ತು ಮಾತು ಸಾಕು: ನೀರು, ಹಸಿವು, ಉಚ್ಚೆ, ನೋವು, ಅಮ್ಮ ಬರುತ್ತಾಳೆ, ಬಾ, ಬೇಡ, ಸಾಕು ಇಂಥವು. ಒಬ್ಬ ತಾಯಿಯಿಂದ ಫೋನಿನಲ್ಲಿ ರೆಕಾರ್ಡ್ ಮಾಡಿಸಿ, ಕನ್ನಡ ಲಿಪಿಯಲ್ಲಿ ಬರೆದು ಗೋಡೆಗೆ ಚಿತ್ರದ ಜೊತೆ ಅಂಟಿಸಿ. ಸಹಾಯಕಿ ಅಥವಾ ಎರಡನೇ ಪಾಳಿಯವರನ್ನು ಶೆಡ್ಡಿನಿಂದಲೇ, ಒಡಿಯಾ ಇಲ್ಲವೇ ಬಂಗಾಳಿ ಆಡುವವರನ್ನು ತೆಗೆದುಕೊಳ್ಳಿ. ಸಂಬಳ ಕೊಡಿ, ಪುಕ್ಕಟೆ ದುಡಿಸಬೇಡಿ. ನ್ಯೂಜಿಲೆಂಡಿನಲ್ಲಿ ಮಾವೊರಿ ಸಮುದಾಯ 1982ರಲ್ಲಿ ಶುರುಮಾಡಿದ ‘ಕೊಹಾಂಗ ರೆಓ’, ಅಂದರೆ ಭಾಷೆಯ ಗೂಡು, ನಿಂತದ್ದು ಅಜ್ಜಿ-ತಾತಂದಿರ ಮಾತಿನ ಮೇಲೆ. ಕನ್ನಡ ಆಟದಲ್ಲಿ, ಹಾಡಿನಲ್ಲಿ ತಾನಾಗಿ ಬರುತ್ತದೆ. ಮನೆಯ ಮಾತು ಗಟ್ಟಿಯಾಗಿದ್ದ ಮಗುವಿಗೆ ಬೇಗ ಬರುತ್ತದೆ.

ಬಯಲುಸೀಮೆ

ಇಷ್ಟೆಲ್ಲ ಸರಿ, ಆದರೆ ಆ ತಾಯಂದಿರನ್ನೇ ಕೇಳಿ ನೋಡಿ. ಅವರಿಗೆ ಬೇಕಾದ್ದು ಇಂಗ್ಲಿಷ್, ಎಲ್‌ಕೆಜಿ, ಬ್ಯಾಗು, ಹೋಂವರ್ಕು. ನಮ್ಮ ಮಕ್ಕಳಿಗೆ ಮಾಂಟೆಸ್ಸರಿ, ಅವರ ಮಕ್ಕಳಿಗೆ ಗಿಲಕಿ ಅಂದರೆ ಅದು ಸಮಾನತೆಯೇ?

ಗಿಲಕಿ

ಆ ತಾಯಂದಿರ ಆಸೆ ನ್ಯಾಯವಾದದ್ದು. ಇಂಗ್ಲಿಷಿನಿಂದ ಯಾರಿಗೆ ಕೆಲಸ ಸಿಗುತ್ತದೆ ಅಂತ ಅವರು ದಿನಾ ನೋಡುತ್ತಾರೆ. ಆದರೆ ಒಳ್ಳೆಯ ಮಾಂಟೆಸ್ಸರಿಯಲ್ಲಿ ನಾಲ್ಕು ವರ್ಷದ ಮಗುವಿಗೆ ಹೋಂವರ್ಕ್ ಇರುವುದಿಲ್ಲ. ಬಡವರಿಗೆ ಎಲ್‌ಕೆಜಿ ಹೆಸರಲ್ಲಿ ಸಿಗುತ್ತಿರುವುದು ತಿಂಗಳ ಫೀಸು ಕಟ್ಟಿಸಿಕೊಂಡು 50 ಮಕ್ಕಳನ್ನು ಬೆಂಚಿನಲ್ಲಿ ಕೂರಿಸಿ ಕಾಪಿ ಬರೆಸುವುದು. ಎರಡೂ ಒಂದಲ್ಲ. ಬೆಲೆ ಇಳಿಸಿ ಗುಣಮಟ್ಟ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಕೆನಡಾದ ಕ್ವಿಬೆಕ್ ನೋಡಿ. 1997ರಲ್ಲಿ ದಿನಕ್ಕೆ 5 ಡಾಲರಿಗೆ ಎಲ್ಲರಿಗೂ ಶಿಶುಪಾಲನೆ ಅಂದರು. ತಾಯಂದಿರಿಗೆ ಕೆಲಸಕ್ಕೆ ಹೋಗಲು ಆಯಿತು, ಅದು ದೊಡ್ಡ ಗೆಲುವು. ಆದರೆ ಜಾಗಗಳು ಗುಣಮಟ್ಟಕ್ಕಿಂತ ವೇಗವಾಗಿ ಬೆಳೆದವು. ಮಕ್ಕಳಲ್ಲಿ ಆತಂಕ, ಜಗಳಗಂಟತನ ಹೆಚ್ಚಿದ್ದನ್ನು ಅರ್ಥಶಾಸ್ತ್ರಜ್ಞರು ದಾಖಲಿಸಿದರು. ಇಥಿಯೋಪಿಯಾ 2010ರ ನಂತರ ಪ್ರಾಥಮಿಕ ಶಾಲೆಗಳಿಗೇ ‘ಓ-ಕ್ಲಾಸ್’, ಅಂದರೆ ಒಂದನೇ ತರಗತಿಗೆ ಮುಂಚಿನ ತರಗತಿ, ಸೇರಿಸಿತು. ದಾಖಲಾತಿ ಏರಿತು, ಚಿಕ್ಕವರಿಗೆ ತರಬೇತಾದ ಟೀಚರು, ಆಟದ ಸಾಮಾನು ಆ ವೇಗಕ್ಕೆ ಬರಲಿಲ್ಲ.

ತಾಯಂದಿರಿಗೆ ಕಣ್ಣಿಗೆ ಕಾಣುವ ಕಲಿಕೆ ಕೊಡಿ. ಪ್ರತಿ ಮಗುವಿಗೂ ಹೆಸರಿನ ಚೀಟಿ, ದಿನಾ ಬಂದು ತನ್ನದನ್ನು ಹುಡುಕಿ ಹಲಗೆಗೆ ಸಿಕ್ಕಿಸುವುದು. ಇಂಗ್ಲಿಷ್ ಪದ್ಯ ಬಾಯಲ್ಲಿ. ಬಟಾಣಿ, ಹುಣಿಸೆಬೀಜ ವಿಂಗಡಿಸಿ ಎಣಿಸುವುದು (ಮೂರರ ಮೇಲಿನವರಿಗೆ ಮಾತ್ರ, ಎದುರು ಕೂತು). ಶನಿವಾರ ಸಂಜೆ ಹತ್ತು ನಿಮಿಷ ತಾಯಂದಿರ ಮುಂದೆ ಮಕ್ಕಳೇ ಮಾಡಿ ತೋರಿಸಲಿ. ನೋಡಿದ ಮೇಲೆ ಹೋಂವರ್ಕ್ ಕೇಳುವವರು ಕಡಿಮೆಯಾಗುತ್ತಾರೆ.

ಇನ್ನೊಂದು ಗಮನಿಸಿ. ಮಕ್ಕಳ ಕಲಿಕೆಯ ಬಗ್ಗೆ ನಡೆಯುವ ಅಸರ್ ಸಮೀಕ್ಷೆಯಲ್ಲಿ 2019ರಲ್ಲಿ 4-5 ವರ್ಷದ ಹುಡುಗಿಯರಲ್ಲಿ 56.8% ಸರ್ಕಾರಿ ಕೇಂದ್ರ, ಶಾಲೆಗಳಲ್ಲಿದ್ದರೆ ಹುಡುಗರಲ್ಲಿ 50.4%. ಖಾಸಗಿಗೆ ದುಡ್ಡು ಕಟ್ಟುವಾಗ ಮೊದಲ ಪಾಲು ಮಗನಿಗೆ. ಸರ್ಕಾರಿ ಕೇಂದ್ರವನ್ನು ಚೆನ್ನಾಗಿ ಇಟ್ಟುಕೊಳ್ಳುವುದು ಹೆಣ್ಣುಮಕ್ಕಳ ಪ್ರಶ್ನೆಯೂ ಹೌದು.

ಕೆರೆದಂಡೆ

ಎಲ್ಲರಿಗೂ ಧನ್ಯವಾದ. ಇಲ್ಲಿ ಬಂದ ಮಾತುಗಳ ಮೇಲೆ ಎಬಿಸಿಡಿ ತರಗತಿ ಬಿಟ್ಟು, ಭಾನುವಾರ ರಾತ್ರಿ ಎಣಿಕೆ ಮತ್ತು ಕ್ಲಬ್‌ಹೌಸಿನ ಕೋಣೆಯ ಒಪ್ಪಿಗೆ ಅಂತ ಸಂಘದ ಸಭೆಗೆ ಇಡಲಾಗುತ್ತಿದೆ. ಉಳಿದದ್ದು ಒಂದೇ ಪ್ರಶ್ನೆ. ಕಟ್ಟಡ ಮುಗಿದರೆ ಶೆಡ್ಡು ಕೀಳುತ್ತಾರೆ. ಆಗ?

ಅರ್ಜಿಪುಸ್ತಕ

ಶೆಡ್ಡು ಕೀಳುವುದು ಒಂದೆರಡು ವಾರ ಮೊದಲೇ ಮೇಸ್ತ್ರಿಗೆ ಗೊತ್ತಿರುತ್ತದೆ. ತಿಂಗಳ ಮೊದಲ ವಾರ ಅವರನ್ನು ಕೇಳುವುದನ್ನು ಒಬ್ಬರಿಗೆ ವಹಿಸಿ. ಹೋಗುವವರ ಹೆಸರನ್ನು ಟೀಚರ್ ಅಂಗನವಾಡಿಯ ಮೊಬೈಲ್ ಆ್ಯಪ್ ಆದ ಪೋಷಣ್ ಟ್ರ್ಯಾಕರಿನಲ್ಲಿ ಮುಂದಿನ ಅಂಗನವಾಡಿಗೆ ವರ್ಗಾಯಿಸಬಹುದು. ಹಾಗೆ ಮಾಡದೆ ಹೆಸರು ಹೊಡೆದುಹಾಕಿದರೆ ಹೊಸ ಜಾಗದಲ್ಲಿ ಎಲ್ಲ ಮೊದಲಿಂದ. ಎಲ್ಲಿಗೆ ಹೋಗುತ್ತಾರೆ ಅಂತ ತಿಳಿಯದಿದ್ದರೆ ತಾಯಿಯ ಫೋನ್ ನಂಬರ್ ಸರಿಯಿದೆಯೇ ನೋಡಿ, ದಾಖಲೆ ಹುಡುಕುವುದು ಅದರಿಂದ.

ತಕ್ಕಡಿ

ಮೊಬೈಲಿನ ದಾಖಲೆಯೊಂದನ್ನೇ ನಂಬಬೇಡಿ. ಕೊನೆಯ ತೂಕ, ಎತ್ತರ, ತೋಳಿನ ಅಳತೆ, ಅಳೆದ ತಾರೀಖು, ಹಾಕಿಸಿದ ಸೂಜಿಗಳು, ಇಷ್ಟನ್ನು ತಾಯಿ ಕಾರ್ಡಿನಲ್ಲೇ ಬರೆದು, ಒಂದು ಝಿಪ್ ಕವರಿನಲ್ಲಿ ಹಾಕಿ ತಾಯಿಯ ಕೈಗೆ ಕೊಡಿ. ಮಳೆಗಾಲದಲ್ಲಿ ಶೆಡ್ಡಿನ ನೆಲ ಒದ್ದೆ, ಬರೀ ಕಾಗದ ಉಳಿಯುವುದಿಲ್ಲ. ತೋಳಿನ ಸುತ್ತಳತೆ 12.5 ಸೆಂ.ಮೀ.ಗಿಂತ ಕಡಿಮೆ ಇರುವ ಮಗುವಿನ ಮನೆಗೆ ಮಾತ್ರ ಹೋಗುವ ಹಿಂದಿನ ದಿನ ಯಾರಾದರೂ ಖುದ್ದಾಗಿ ಹೋಗಿ ಬನ್ನಿ.

ಭೀಮಾತೀರ

ಕಾರ್ಡಿನ ಹಿಂದ ಟೀಚರ್ ಫೋನ್ ನಂಬರೂ ಬರದು ಕೊಡ್ರಿ. ಹೊಸಾ ಜಾಗದಾಗ ಯಾರೂ ಸೇರಿಸಿಕೊಳ್ಳಲಿಲ್ಲಂದ್ರ ಆಕಿ ಫೋನ್ ಹಚ್ಚೂದು ಅದಕ್ಕ.